ಅಂಚಿನಲ್ಲಿ ಬರೆದದ್ದು

ಹಾಳೆಯಲ್ಲಿ ಹದಿನೆಂಟು ಪ್ರಶ್ನೆ, ಪ್ರಶ್ನೆಗೆ ಮೂರು ಖಾನೆ:
ಇಲ್ಲ. ಆಗಾಗ. ಯಾವಾಗಲೂ.
ಒಂದೇ ದಿನದ ತರಬೇತಿ. ಜಿಲ್ಲಾ ಆಸ್ಪತ್ರೆಯ ಮಾಳಿಗೆಯಲ್ಲಿ
ತಿರುಗದ ಫ್ಯಾನಿನ ಕೆಳಗೆ ಡಾಕ್ಟರಮ್ಮ ಹೇಳಿದ್ದರು:
ಇದು ರೋಗಕ್ಕೆ ಹೆಸರಿಡುವುದಲ್ಲ, ಬರೀ ಜರಡಿ.
ನಾಲ್ಕು ವರ್ಷದ ಮಗುವಿಗೂ ದಿಗಿಲಿರುತ್ತದೆ,
ದಿಗಿಲು ಎಂದು ಅದಕ್ಕೆ ಗೊತ್ತಿರುವುದಿಲ್ಲ,
ಹೊಟ್ಟೆನೋವು ಅನ್ನುತ್ತದೆ.

ನಾನು ಬರೆದುಕೊಂಡೆ: ಹೊಟ್ಟೆನೋವು.
ಬರೆಯುವಾಗ ಗಾದಿಲಿಂಗನ ನೆನಪಾಗಲಿಲ್ಲ.
ನೆನಪಾದದ್ದು ಕಂಡವರನ್ನು ಕಚ್ಚುವ ಸಾದಿಕ್,
ಬಾಗಿಲಿಗೆ ಜೋತುಬಿದ್ದು ಓಣಿಯನ್ನೇ ಎಬ್ಬಿಸುವ ತಿಪ್ಪಮ್ಮನ ಮೊಮ್ಮಗಳು.
ಗಾದಿಲಿಂಗ ಜಾಣ.
ಕೂಡಿಸಿದಲ್ಲಿ ಕೂತವನು. ಎಂಟು ತಿಂಗಳಿಂದ ಒಂದು ಮಾತಿಲ್ಲ.
"ಅವನ್ನ ನೋಡಿ ಕಲೀರಿ" ಅಂತ ದಿನಾ ಹೇಳಿದವಳು
ನಾನೇ, ಮಾಬುನ್ನಿ ಟೀಚರು.

ಕೌಲ್ ಬಜಾರಿನ ಓಣಿ. ಮೋರಿಯಲ್ಲಿ ನೀಲಿ ನೀರು,
ಮೋರಿ ದಾಟಿ ಬಂದ ನಾಯಿಗೆ ನೀಲಿ ಕಾಲು.
ಹುಲಿಗೆಮ್ಮ ಜೀನ್ಸ್ ಪ್ಯಾಂಟಿನ ಹಿಂದಿನ ಜೇಬು ಹೊಲಿಯುತ್ತಾಳೆ,
ಬರೀ ಹಿಂದಿನ ಜೇಬು, ಡಜನಿಗೆ ಇಷ್ಟು ಅಂತ.
"ಕೇಳ್ರಿ ಟೀಚರ್, ಕೈ ಸೇಠಂದು, ಕಿವಿ ನಿಮ್ದು."

ನಿಮ್ಮನ್ನು ಬಿಟ್ಟಿರಲು ಅಳುತ್ತಾನೆಯೇ?
"ಅಳಂಗಿಲ್ರಿ. ಕೇಳ್ತಾನ.
ಅವ್ವಾ ನೀ ಇರ್ತಿ ಹೌದಿಲ್ಲೋ, ಅವ್ವಾ ನೀ ಇರ್ತಿ ಹೌದಿಲ್ಲೋ.
ಒಂಬತ್ತು ಸಲ ಹ್ಞೂಂ ಅನ್ನಬೇಕು.
ಎಂಟಕ್ಕ ನಿಂತ್ರ ಮತ್ತ ಮೊದಲಿಂದ."
ಒಂಬತ್ತಕ್ಕೆ ಹಾಳೆಯಲ್ಲಿ ಜಾಗವಿಲ್ಲ. ಯಾವಾಗಲೂ, ಎಂದು ಗೀಟೆಳೆದೆ.

ಊಟ?
"ನೀವು ಕೊಟ್ಟ ತತ್ತಿ ಅಂಗಿಯೊಳಗ ಬಚ್ಚಿಟ್ಟು ತರ್ತಾನ.
ನನ್ನ ಕೈಯಾಗ ಇಡ್ತಾನ. ಇನ್ನಾ ಬೆಚ್ಚಗ ಇರ್ತೈತಿ."
ನನ್ನ ರಿಜಿಸ್ಟರಿನಲ್ಲಿ ಇದೆ: ತಿಂದಿದ್ದಾನೆ.

ಉಚ್ಚೆ?
"ತಡಕೊಂಡು ಬರ್ತಾನ್ರಿ. ಬಂದವನೇ ಹಿತ್ತಲಿಗೆ ಓಟ."
ಯಾ ಅಲ್ಲಾ, ಅದನ್ನೂ ಹೊಗಳಿದ್ದೆ,
ಒಂದು ದಿನವೂ ಚಾಪೆ ಹಸಿ ಮಾಡದ ಕೂಸು ಎಂದು.

ಎಂಟನೆಯದು: ಜೋರು ಸದ್ದಿಗೆ ಹೆದರುತ್ತಾನೆಯೇ?
ಅಷ್ಟರಲ್ಲಿ ಕರೆಂಟು ಹೋಯಿತು.
ಮಿಷನ್ನು ನಿಂತಿತು.
ಬಟ್ಟೆ ಗುಡ್ಡೆಯ ಮೇಲೆ ಮಲಗಿದ್ದವ
ಸೂಜಿ ತಾಗಿದಂತೆ ಎದ್ದು ಕೂತ.
ಕಣ್ಣು ಅವ್ವನನ್ನು ಹುಡುಕಿತು,
ಕಂಡ ಮೇಲೂ ಹುಡುಕುತ್ತಿತ್ತು.
ಹುಲಿಗೆಮ್ಮ ನಾಲಗೆಯಿಂದಲೇ ಹೊಲಿಯತೊಡಗಿದಳು:
ಟಕಟಕ ಟಕಟಕ, ಅವನ ತಲೆ ಮತ್ತೆ ಗುಡ್ಡೆಗೆ ಒರಗುವ ತನಕ.

"ಸದ್ದಿಗಲ್ರಿ," ಅಂದಳು, "ಸದ್ದು ನಿಂತದ್ದಕ್ಕ.
ಹೊಟ್ಟ್ಯಾಗ ಇದ್ದಾಗಿಂದ ಕೇಳ್ಯಾನಲ್ರಿ."

ಇಲ್ಲ. ಆಗಾಗ. ಯಾವಾಗಲೂ.
ಪೆನ್ನು ಮೂರರ ಮೇಲೂ ಸುಳಿದು ಎಲ್ಲಿಯೂ ಇಳಿಯಲಿಲ್ಲ.
ಅಂಚಿನಲ್ಲಿ ಸಣ್ಣಗೆ ಬರೆದೆ: ನಿಶ್ಶಬ್ದಕ್ಕೆ.

ಒಟ್ಟು ಇಪ್ಪತ್ತೊಂದು. ಹದಿನೈದು ದಾಟಿದರೆ ಕಳಿಸಬೇಕು.
"ಹುಚ್ಚು ಅಂತಾರೇನ್ರಿ?"
ಇಲ್ಲವ್ವ, ಅಂಜಿಕೆ ಅಂತಾರ. ಗುರುವಾರ ಹೋಗೋಣು, ನಾನೂ ಬರ್ತೀನಿ.
"ಗುರುವಾರ ಲೋಡ್ ಹೋಗೋದೈತಿ."
ದಾರ ಹಲ್ಲಿನಿಂದ ಕಡಿದಳು. "ಅರ್ಧ ದಿನ ಸಾಕೇನ್ರಿ?"

ಮರುದಿನ ಮಧ್ಯಾಹ್ನ. ಎಲ್ಲ ಮಲಗಿದ ಹೊತ್ತು.
ಬಿಸಿಲಿಗೆ ಶೀಟು ಚಟ್ ಎನ್ನುತ್ತಿತ್ತು.
ಗಾದಿಲಿಂಗನ ಕಣ್ಣು ಮುಚ್ಚಿತ್ತು, ರೆಪ್ಪೆ ಮಲಗಿರಲಿಲ್ಲ.
ಇಷ್ಟು ದಿನ ಅದನ್ನೇ ನಿದ್ದೆ ಎಂದು ಬರೆದುಕೊಂಡಿದ್ದೆ.
ಹತ್ತಿರ ಕೂತು, ಖಾಲಿ ಅಕ್ಕಿ ಡಬ್ಬಿಯ ಮೇಲೆ
ಬೆರಳಿಂದ ಬಡಿದೆ:
ಟಕಟಕ ಟಕಟಕ ಟಕಟಕ ಟಕಟಕ.

ಒಂದು ಕಣ್ಣು ತೆರೆಯಿತು.
ಬಹಳ ಹೊತ್ತು ನನ್ನ ಬೆರಳನ್ನೇ ನೋಡಿದ.

"ಹಂಗಲ್ಲ," ಅಂದ.
"ಜೇಬಿನ ಮೂಲಿ ಬಂದಾಗ ನಿಲ್ಲಬೇಕು."

ನಿಲ್ಲಿಸಿದೆ.
ಕಾದ.
ನಾನೂ ಕಾದೆ.